ಮದುವೆ ಡಿವಿಡಿಗೆ 8ಎಕ್ಸ್ ಇಟ್ಟು ನೋಡಿ

ಅಕ್ಕನ ಮದುವೆ ವಿಡಿಯೊವನ್ನು ಡಿವಿಡಿಗೆ 16ಎಕ್ಸ್ ವೇಗದಲ್ಲಿ (ಅಂದರೆ ಮೂಲ ವೇಗವಾದ 1ಎಕ್ಸ್‌ನ 16 ಪಟ್ಟು) ಬರೆದಿದ್ದೀರಿ, ಟಿವಿಯ ಪ್ಲೇಯರ್‌ನಲ್ಲಿ ಕೊನೆಯ ಹತ್ತು ನಿಮಿಷ ನಿಂತು ನಿಂತು ಓಡುತ್ತದೆ, 1ಎಕ್ಸ್‌ಗೆ ಇಳಿಸಬೇಕಾ ಅಂತ ಕೇಳಿದ್ದೀರಿ. ಅಷ್ಟು ಇಳಿಸಬೇಡಿ. 8ಎಕ್ಸ್ ಸಾಕು.

ತೊಂದರೆ ಕೊನೆಯಲ್ಲೇ ಬರುವುದಕ್ಕೆ ಕಾರಣ ಇದೆ. ಡಿಸ್ಕ್ ಒಳಗಿನಿಂದ ಹೊರಗೆ ಬರೆಯಲ್ಪಡುತ್ತದೆ. ನೀವು 16ಎಕ್ಸ್ ಆರಿಸಿದರೂ ಆ ಪೂರ್ತಿ ವೇಗ ಸಿಗುವುದು ಹೊರ ಅಂಚಿನ ಹತ್ತಿರ ಮಾತ್ರ. ಡಿಸ್ಕ್ ಚೂರು ಬಾಗಿದ್ದರೂ ಜಾಸ್ತಿ ಅಲುಗಾಡುವುದು ಅಲ್ಲೇ. ತಪ್ಪುಗಳೂ ಅಲ್ಲೇ ಸೇರಿಕೊಳ್ಳುತ್ತವೆ.

ನಿಧಾನವಾದಷ್ಟೂ ಒಳ್ಳೆಯದು ಅಂತ ನಾನೂ ತುಂಬಾ ದಿನ ನಂಬಿದ್ದೆ. ಆದರೆ 16ಎಕ್ಸ್ ಡಿಸ್ಕ್‌ನ ಬಣ್ಣದ ಪದರವನ್ನು (ಲೇಸರ್ ಬರೆಯುವುದು ಇದರ ಮೇಲೆಯೇ) ಹೆಚ್ಚಿನ ವೇಗಕ್ಕೆ ಅಂತಲೇ ಮಾಡಿರುತ್ತಾರೆ. ತೀರಾ ನಿಧಾನ ಮಾಡಿದರೆ ಬರಹ ಕೆಟ್ಟು ಹೋಗಲೂಬಹುದು. ಎಷ್ಟೋ ಡ್ರೈವ್‌ಗಳು ಅಂಥ ಡಿಸ್ಕ್‌ಗೆ 1ಎಕ್ಸ್ ತೋರಿಸುವುದೇ ಇಲ್ಲ.

ಸಮಯದ ಲೆಕ್ಕವನ್ನೂ ನೋಡಿ. 4.7 ಜಿಬಿ ತುಂಬಲು 1ಎಕ್ಸ್‌ನಲ್ಲಿ ಹತ್ತಿರ ಹತ್ತಿರ ಒಂದು ಗಂಟೆ ಬೇಕು. 8ಎಕ್ಸ್‌ನಲ್ಲಿ ಎಂಟು ಹತ್ತು ನಿಮಿಷ, 16ಎಕ್ಸ್‌ನಲ್ಲಿ ಐದಾರು ನಿಮಿಷ. ಮೂರ್ನಾಲ್ಕು ನಿಮಿಷಕ್ಕಾಗಿ ಮದುವೆ ವಿಡಿಯೊ ಹಾಳಾಗುವುದು ಬೇಡ, ಅಲ್ವಾ?

ಬರೆದ ಮೇಲೆ ‘ವೆರಿಫೈ’ (ಬರೆದದ್ದು ಸರಿಯಾಗಿದೆಯೇ ಅಂತ ಪರೀಕ್ಷಿಸುವ) ಆಯ್ಕೆಯನ್ನು ತಪ್ಪದೆ ಹಾಕಿ. 8ಎಕ್ಸ್‌ನಲ್ಲೂ ಹಾಗೇ ಆದರೆ ವೇಗವನ್ನು ಮತ್ತೆ ಬದಲಿಸುವ ಮೊದಲು ಬೇರೆ ಕಂಪನಿಯ ಡಿಸ್ಕ್ ಒಂದನ್ನು ತಂದು ನೋಡಿ.