ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಂದೊಂದಾಗಿ ಮುಟ್ಟಬಹುದಾ, ಇಲ್ಲಾ ಸಮಾಜವೇ ಒಟ್ಟಿಗೆ ಬದಲಾಗಬೇಕಾ?

ಒಂದೊಂದಾಗಿ ಆಗುವುದಿಲ್ಲ. 2015ರಲ್ಲಿ ವಿಶ್ವಸಂಸ್ಥೆಯ 193 ದೇಶಗಳು ಒಪ್ಪಿದ 17 ಗುರಿಗಳು ಪಟ್ಟಿಯಲ್ಲಿ ಬೇರೆ ಬೇರೆ ಕಾಣುತ್ತವೆ. ಬದುಕಿನಲ್ಲಿ ಹಾಗಿಲ್ಲ.

ನಮ್ಮ ಶಾಲೆಗಳ ಬಿಸಿಯೂಟವನ್ನೇ ನೋಡಿ. 2001ರಲ್ಲಿ ಸುಪ್ರೀಂ ಕೋರ್ಟ್ ಶಾಲೆಯಲ್ಲಿ ಬಿಸಿ ಊಟ ಕೊಡಲೇಬೇಕು ಎಂದಿತು. 2002ರಲ್ಲಿ ಕರ್ನಾಟಕದಲ್ಲಿ ಅಕ್ಷರ ದಾಸೋಹ ಶುರುವಾಯಿತು. ಮೇಲ್ನೋಟಕ್ಕೆ ಇದು ಹಸಿವಿನ ಕೆಲಸ, ಅಂದರೆ 2ನೇ ಗುರಿ. ಆದರೆ ಹೊಟ್ಟೆ ತುಂಬಿದ ಮಗು ಮಧ್ಯಾಹ್ನದ ಪಾಠಕ್ಕೂ ಉಳಿಯುತ್ತದೆ, ಅದು ಶಿಕ್ಷಣದ 4ನೇ ಗುರಿ. ವರಾಂಡದಲ್ಲಿ ತಟ್ಟೆ ಹಿಡಿದು ಅಕ್ಕಪಕ್ಕ ಕೂತು ಒಂದೇ ಸಾರು ಉಣ್ಣುವಾಗ ಜಾತಿಯ ಗೋಡೆಗೂ ಪೆಟ್ಟು ಬೀಳುತ್ತದೆ, ಅಸಮಾನತೆ ತಗ್ಗಿಸುವ 10ನೇ ಗುರಿ ಅದೇ ಅಲ್ವಾ?

ಅಡುಗೆ ಕೆಲಸ ಊರಿನ ಹೆಂಗಸರಿಗೇ ಸಿಕ್ಕಿತು. ಗೌರವಧನ ಮಾತ್ರ ತೀರಾ ಕಡಿಮೆ. ಅಲ್ಲಿ ಮಹಿಳಾ ಸಮಾನತೆಯ 5ನೇ ಗುರಿ ಅರ್ಧಕ್ಕೇ ನಿಂತಿದೆ.

ದಲಿತ ಮಹಿಳೆ ಅಡುಗೆ ಮಾಡಿದರು ಅಂತ ಮಕ್ಕಳಿಗೆ ಊಟ ಬಿಡಿಸುವ ಪೋಷಕರ ಸುದ್ದಿ ಕೇಳಿದಾಗ ಹೊಟ್ಟೆ ಉರಿಯುತ್ತದೆ. ಸರ್ಕಾರ ಅಕ್ಕಿ, ಬೇಳೆ, ಸಿಲಿಂಡರ್ ಕಳಿಸಬಹುದು. ಇದನ್ನು ಸರಿಮಾಡಬೇಕಾದವರು ಊರಿನವರೇ. ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯ ಸದಸ್ಯರು ವಾರಕ್ಕೊಮ್ಮೆ ಮಕ್ಕಳ ಸಾಲಿನಲ್ಲೇ ಕೂತು ಆಕೆ ಬಡಿಸಿದ್ದನ್ನು ಉಣ್ಣಲಿ.