ಡಾಂಬರು ರಸ್ತೆಯಲ್ಲಿ ವೇಗವಾಗಿ ಓಡಿಸಲೆಂದೇ ಮಾಡಿದ ರೋಡ್ ಸೈಕಲ್‌ನ ಹ್ಯಾಂಡಲ್ ಕುರಿಯ ಕೊಂಬಿನಂತೆ ಬಾಗಿರುವುದು ಏಕೆ? ಟೈರ್ ಅಷ್ಟು ಸಪೂರ ಏಕೆ?

ಒಂದೇ ಮಾತಲ್ಲಿ ಹೇಳುವುದಾದರೆ, ಗಾಳಿಗಾಗಿ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗ ಮುಟ್ಟಿದರೆ ನಿಮ್ಮ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯೆದುರು ಬೇಕಾಗುವ ಶಕ್ತಿ ಸುಮಾರು ಎಂಟು ಪಟ್ಟು. ಆ ಗಾಳಿಗೆ ಅಡ್ಡ ನಿಲ್ಲುವುದು ಸೈಕಲ್ಲಿಗಿಂತ ಹೆಚ್ಚಾಗಿ ಅದರ ಮೇಲೆ ಕೂತ ನಾವು. ಕೆಳಗಿನ ಬಾಗು ಹಿಡಿದರೆ ಬೆನ್ನು ತಾನೇ ಬಗ್ಗುತ್ತದೆ, ಎದೆ ಗಾಳಿಗೆ ಕಾಣುವುದಿಲ್ಲ. ಇನ್ನೊಂದು ಲಾಭ: ಏರಿಗೆ ಮೇಲ್ಭಾಗ, ಮಾಮೂಲಿ ಸವಾರಿಗೆ ಬ್ರೇಕ್ ಲಿವರಿನ ತಲೆ, ಇಳಿಜಾರಿಗೆ ಕೆಳಗಿನ ಬಾಗು ಅಂತ ಕೈ ಬದಲಿಸುತ್ತಾ ಹೋಗಬಹುದು. ನಂದಿ ಬೆಟ್ಟ ಹತ್ತಿ ಇಳಿದವರಿಗೆ ಇದರ ಬೆಲೆ ಗೊತ್ತು.

ಟೈರ್ ವಿಷಯದಲ್ಲಿ ಮಾತ್ರ ಹಳೆಯ ನಂಬಿಕೆ ಸಡಿಲವಾಗಿದೆ. ಸಪೂರವಾದಷ್ಟೂ ವೇಗ ಎಂದು ಹಿಂದೆ 23 ಮಿ.ಮೀ. ಹಾಕುತ್ತಿದ್ದರು, ಈಗ ರೇಸಿನವರೂ 28 ಮಿ.ಮೀ. ಆಸುಪಾಸಿಗೆ ಬಂದಿದ್ದಾರೆ. ಸಪೂರ ಟೈರಿಗೆ ಗಾಳಿ ಬಿಗಿಯಾಗಿ ತುಂಬಬೇಕು. ಒರಟು ರಸ್ತೆಯಲ್ಲಿ ಹಾಗೆ ಕಲ್ಲಿನಂತೆ ಬಿಗಿದ ಟೈರ್ ಸೈಕಲ್ಲನ್ನೂ ಸವಾರನನ್ನೂ ಕುಣಿಸುತ್ತದೆ, ಆ ಕುಣಿತದಲ್ಲೇ ಶಕ್ತಿ ಸೋರಿಹೋಗುತ್ತದೆ.

ತೂಕದ ಹುಚ್ಚೂ ಇದೆ ಬಿಡಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ 2000ರಲ್ಲಿ, ರೇಸಿನ ಸೈಕಲ್ 6.8 ಕಿಲೋಗಿಂತ ಹಗುರ ಇರಕೂಡದು ಎಂದು ಕಟ್ಟು ಹಾಕಬೇಕಾಯಿತು.

ಹಾಲು, ತರಕಾರಿ ತರಲು ಮಾತ್ರ ಇದನ್ನು ಕೊಳ್ಳಬೇಡಿ. ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡೂ ಇರುವುದಿಲ್ಲ.