ಆರ್ಕೇಡ್ ಕ್ಯಾಬಿನೆಟ್‌ನಲ್ಲಿ ಸದ್ದು ಬರುತ್ತದೆ, ಚಿತ್ರ ಮಾತ್ರ ಓರೆ ಗೆರೆಗಳಾಗಿ ಹರಿದುಹೋಗುತ್ತದೆ. ಮಾನಿಟರ್ ಕೆಟ್ಟಿದೆಯೇ?

ಮಾನಿಟರ್ ಬಿಚ್ಚುವ ಮೊದಲು ವೈರಿಂಗ್ ನೋಡಿ. ಸದ್ದು ಸರಿಯಾಗಿದ್ದರೆ ಗೇಮ್ ಬೋರ್ಡ್ ಬಹುಮಟ್ಟಿಗೆ ಚೆನ್ನಾಗಿಯೇ ಇದೆ. ಹೀಗೆ ಚಿತ್ರ ಹರಿದರೆ ನನ್ನ ಮೊದಲ ಅನುಮಾನ ಸಿಂಕ್ ತಂತಿಯ ಮೇಲೆ, ಅಂದರೆ ಚಿತ್ರದ ಗೆರೆಗಳನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವ ಸಂಕೇತದ ತಂತಿಯ ಮೇಲೆ.

ಗೇಮ್ ಬೋರ್ಡನ್ನು ಕ್ಯಾಬಿನೆಟ್‌ನ ತಂತಿಗಳಿಗೆ ಜೋಡಿಸುವ, 1985ರಲ್ಲಿ ಬಂದ ಜಾಮಾ ಕನೆಕ್ಟರ್‌ಗೆ ಎರಡೂ ಬದಿ ಸೇರಿ 56 ಪಿನ್. ಬಿಡಿಭಾಗಗಳಿರುವ ಬದಿಯಲ್ಲಿ 12 ಕೆಂಪು, 13 ನೀಲಿ, 14 ವಿಡಿಯೊ ಗ್ರೌಂಡ್. ಬೆಸುಗೆಯ ಬದಿಯಲ್ಲಿ 12ರ ಬೆನ್ನಿಗೆ ಹಸಿರು, 13ರ ಬೆನ್ನಿಗೆ ಸಿಂಕ್. ವಿದ್ಯುತ್ ತೆಗೆದು, ಸಿಂಕ್ ಮತ್ತು ಗ್ರೌಂಡ್ ತಂತಿಗಳು ಮಾನಿಟರ್‌ವರೆಗೆ ಮುಟ್ಟಿವೆಯೇ ಎಂದು ಮಲ್ಟಿಮೀಟರ್‌ನಿಂದ ಪರೀಕ್ಷಿಸಿ. ಬೋರ್ಡಿನ ಅಂಚಿನ ತಾಮ್ರ ಕಪ್ಪಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ.

ಯಾರಾದರೂ ಕಂಪ್ಯೂಟರ್ ಮಾನಿಟರ್ ಕೂರಿಸಿದ್ದರೆ ಕಥೆ ಬೇರೆ: ಹಳೆಯ ಬೋರ್ಡುಗಳು ಸುಮಾರು 15 ಕಿಲೊಹರ್ಟ್ಸ್ ಸಂಕೇತ ಕೊಡುತ್ತವೆ, ಕಂಪ್ಯೂಟರ್ ಮಾನಿಟರ್‌ನ ವಿಜಿಎ ಬಯಸುವುದು 31. ಆಗ ನಡುವೆ ಪರಿವರ್ತಕ ಬೇಕು.

ಚಿತ್ರ ಕಸಕಸವಾಗಿ ಬೋರ್ಡ್ ಮತ್ತೆ ಮತ್ತೆ ರೀಸೆಟ್ ಆಗುತ್ತಿದ್ದರೆ 5 ವೋಲ್ಟ್ ಅಳೆಯಿರಿ. ಪವರ್ ಸಪ್ಲೈ ಬಳಿಯಲ್ಲ, ಬೋರ್ಡಿನ ಮೇಲೆಯೇ; ಸಣ್ಣ ತಂತಿಗಳು ದಾರಿಯಲ್ಲೇ ವೋಲ್ಟೇಜ್ ತಿನ್ನುತ್ತವೆ.

ದಯವಿಟ್ಟು ಪಿಕ್ಚರ್ ಟ್ಯೂಬಿನ ಆನೋಡ್ ಟೋಪಿಗೆ (ಟ್ಯೂಬಿಗೆ ದಪ್ಪ ತಂತಿ ಸೇರುವಲ್ಲಿನ ರಬ್ಬರ್ ಮುಚ್ಚಳ) ಕೈ ಹಾಕಬೇಡಿ. ಸ್ವಿಚ್ ಆರಿಸಿದ ಮೇಲೂ ಅಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.